ಹೂವಿಗೆ ಮೊದಲು ಎಲೆ

ಗಿಡವೊಂದನ್ನು ನೋಡಿದವರು ಗುರುತು ಹಿಡಿಯುವಂತೆ ಬರೆಯುವುದು ಸಸ್ಯಚಿತ್ರಕಲೆ. ಹೂದಾನಿಯ ಗುಲಾಬಿಯನ್ನು ಬೆಳಕು ನೆರಳಿನ ಸೊಗಸಿಗಾಗಿ ಬರೆಯುವ ಕಲಾವಿದನಿಗೆ ಒಂದು ದಳ ಹೆಚ್ಚುಕಡಿಮೆಯಾದರೆ ನಷ್ಟವೇನಿಲ್ಲ. ಸಸ್ಯಚಿತ್ರಕಾರ ಐದರ ಬದಲು ಆರು ದಳ ಬರೆದರೆ ಗಿಡ ಬೇರೆ ಕುಟುಂಬಕ್ಕೇ ಸೇರಿಬಿಡಬಹುದು. ಈ ಕಲೆಯಲ್ಲಿ ಎರಡು ಕವಲುಗಳಿವೆ. ಸಸ್ಯವಿಜ್ಞಾನದ ಗ್ರಂಥಗಳಿಗಾಗಿ ಕಪ್ಪು ಶಾಯಿಯಲ್ಲಿ ಬರೆಯುವ ರೇಖಾಚಿತ್ರ ಒಂದು. ಗೋಡೆಗೂ ಸಲ್ಲುವಂತೆ ಜಲವರ್ಣದಲ್ಲಿ ಬರೆಯುವ ವರ್ಣಚಿತ್ರ ಇನ್ನೊಂದು. ವಯಸ್ಕರಿಗಾಗಿ ನಡೆಯುವ ತರಗತಿಗಳಿಗೆ ಹೆಚ್ಚಿನವರು ಬರುವುದು ಎರಡನೆಯದರ ಆಸೆಯಿಂದ. ಆದರೆ ಎರಡಕ್ಕೂ ಬುನಾದಿ ಒಂದೇ.

ಕೈಯಲ್ಲೇ ಕ್ಯಾಮೆರಾ ಇರುವ ಕಾಲದಲ್ಲಿ ಇದೆಲ್ಲ ಯಾಕೆ ಎಂಬ ಪ್ರಶ್ನೆ ಮೊದಲ ದಿನವೇ ಬರುತ್ತದೆ. ಫೋಟೊ ಒಂದು ಗಿಡದ ಒಂದು ಗಳಿಗೆಯನ್ನು ಹಿಡಿಯುತ್ತದೆ: ಹುಳು ತಿಂದ ಎಲೆ, ಬಾಡಿದ ಅಂಚು, ಹಿಂದಿನ ಬೇಲಿ ಸಮೇತ. ಚಿತ್ರಕಾರ ನಾಲ್ಕಾರು ಮಾದರಿಗಳನ್ನು ಮುಂದಿಟ್ಟುಕೊಂಡು ಆ ಜಾತಿಯ ಲಕ್ಷಣಗಳನ್ನಷ್ಟೇ ಆರಿಸಿ ಬರೆಯುತ್ತಾನೆ. ಮೊಗ್ಗು, ಹೂವು, ಕಾಯಿ, ಬೀಜ, ಸೀಳಿದ ಅಂಡಾಶಯ ಎಲ್ಲವೂ ಒಂದೇ ಹಾಳೆಯಲ್ಲಿ ಕೂಡುತ್ತವೆ. ಯಾವ ಗಿಡವೂ ಇದನ್ನೆಲ್ಲ ಒಂದೇ ದಿನ ತೋರಿಸುವುದಿಲ್ಲ. ಆದ್ದರಿಂದಲೇ ಹೊಸ ಜಾತಿಯನ್ನು ಪ್ರಕಟಿಸುವ ವಿಜ್ಞಾನಿಗಳು ಇಂದಿಗೂ ರೇಖಾಚಿತ್ರ ಬರೆಸುತ್ತಾರೆ.

ಭಾರತದಲ್ಲಿ ಈ ವಿದ್ಯೆ ಬೆಳೆದದ್ದು ತರಗತಿಯಲ್ಲಲ್ಲ, ನೌಕರಿಯಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ ಇಲ್ಲಿನ ಚಿತ್ರಕಾರರಿಂದ ಬರೆಸಿದ ಸಸ್ಯಚಿತ್ರಗಳು 2,500ಕ್ಕೂ ಹೆಚ್ಚು. ಅವುಗಳನ್ನು ಬರೆದವರ ಹೆಸರುಗಳು ಮಾತ್ರ ಬಹುಪಾಲು ಉಳಿದಿಲ್ಲ. ಮದ್ರಾಸಿನಲ್ಲಿದ್ದ ರಾಬರ್ಟ್ ವೈಟ್ ಈ ವಿಷಯದಲ್ಲಿ ವಾಸಿ: ಅವನ ಚಿತ್ರಕಾರರಾದ ರಂಗಯ್ಯ ಮತ್ತು ಗೋವಿಂದು ಹೆಸರಿನಿಂದಲೇ ಪರಿಚಿತರು. ಗೋವಿಂದುವಿನ ಹೆಸರಿನಲ್ಲಿ ವೈಟ್ ಒಂದು ಆರ್ಕಿಡ್ ಕುಲವನ್ನೇ ಸ್ಥಾಪಿಸಿದ. ಆ ಕುಲದ ಹೆಸರು ಈಗ ಬಳಕೆಯಲ್ಲಿಲ್ಲ, ಆದರೆ ಮರ್ಯಾದೆ ದಾಖಲಾಗಿದೆ. ಕರ್ನಾಟಕದ ಕಥೆಯೂ ಸಣ್ಣದಲ್ಲ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗ್‌ಹಾರ್ನ್, ದಿನಕ್ಕೊಂದು ಗಿಡವನ್ನು ಕಾಲು ಗಂಟೆ ಕೂತು ಪರಿಶೀಲಿಸು ಎಂಬ ಸಸ್ಯವಿಜ್ಞಾನಿ ವಿಲಿಯಂ ಜಾಕ್ಸನ್ ಹೂಕರ್‌ನ ಸಲಹೆಯನ್ನು ತಲೆಯಲ್ಲಿಟ್ಟುಕೊಂಡು, ಮರಾಠಿ ಚಿತ್ರಕಾರನೊಬ್ಬನನ್ನು ನೇಮಿಸಿ ಸುತ್ತಲಿನ ಗಿಡಗಳನ್ನು ಬರೆಸಿದ. ಮಲೆನಾಡಿನ ಅಂಚಿನ ಆ ಚಿತ್ರಗಳು ಇಂದು ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಅದೇ ತೋಟ ಈಗ ವಯಸ್ಕರಿಗೆ ಸಸ್ಯಚಿತ್ರಕಲೆಯ ಕೋರ್ಸುಗಳನ್ನು ನಡೆಸುತ್ತದೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಅದರ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮೆರನ್ ಕಾಲದಿಂದ ಕೆಲಸ ಮಾಡಿದ ಚೆಲುವಯ್ಯ ರಾಜು ಅವರ ಚಿತ್ರಗಳು ಆ ತೋಟದ ಆಸ್ತಿ.

ಇಂದಿನ ಕಲಿಯುವವರು ಬೇರೆ ಬಗೆಯವರು. ನಿವೃತ್ತ ಬ್ಯಾಂಕ್ ನೌಕರರು, ಶಾಲೆಯ ಮೇಡಂಗಳು, ವಾರವಿಡೀ ಕಂಪ್ಯೂಟರ್ ಮುಂದೆ ಕೂತು ಶನಿವಾರ ಕಣ್ಣಿಗೆ ಬೇರೆ ಕೆಲಸ ಕೊಡಬೇಕೆನ್ನುವವರು. ವಯಸ್ಸು ಅಡ್ಡಿಯೇನಲ್ಲ. ಇಂಗ್ಲೆಂಡಿನ ಮೇರಿ ಡೆಲನಿ ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸಿ ಹೂಗಳನ್ನು ಮಾಡಲು ಹಿಡಿದದ್ದು ಎಪ್ಪತ್ತು ದಾಟಿದ ಮೇಲೆ. ಸುಮಾರು ಹತ್ತು ವರ್ಷದಲ್ಲಿ ಅವಳು ಮಾಡಿದ ಸಾವಿರಕ್ಕೆ ಹತ್ತಿರದಷ್ಟು ಹಾಳೆಗಳು ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ದೊಡ್ಡವರ ಕೈ ಹೇಗೋ ಪಳಗುತ್ತದೆ. ತೊಡಕು ಇರುವುದು ಅವರಿಗೆ ಆಗಲೇ ಗೊತ್ತಿರುವ ಎಲೆಯಲ್ಲಿ. ನಡುವೆ ನೆಟ್ಟಗೆ ಒಂದು ಗೆರೆ, ಎರಡೂ ಕಡೆ ಓರೆಯಾಗಿ ಎದುರುಬದುರು ನರಗಳು: ಪ್ರಾಥಮಿಕ ಶಾಲೆಯಲ್ಲಿ ಬರೆದ ಆ ಎಲೆ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಮುಂದೆ ಮಾವಿನ ಎಲೆ ಇಟ್ಟರೂ ಹಲಸಿನ ಎಲೆ ಇಟ್ಟರೂ ಹಾಳೆಗೆ ಇಳಿಯುವುದು ಅದೇ.

ಹಾಗಾಗಿ ಒಳ್ಳೆಯ ತರಗತಿ ಎಲೆಯಿಂದ ಶುರುವಾಗುತ್ತದೆ, ಅದೂ ಬರಿಯ ಪೆನ್ಸಿಲ್‌ನಲ್ಲಿ. ಸಾಮಾನು ಹೆಚ್ಚು ಬೇಡ: ಎಚ್‌ಬಿ ಮತ್ತು 2ಎಚ್ ಪೆನ್ಸಿಲ್, ಮೆತ್ತನೆಯ ರಬ್ಬರ್, ಎರಡೂ ಕಡೆ ಮೊನೆಯಿರುವ ಡಿವೈಡರ್, ಹತ್ತು ಪಟ್ಟು ಹಿಗ್ಗಿಸುವ ಪುಟ್ಟ ಮಸೂರ, ಟ್ರೇಸಿಂಗ್ ಕಾಗದ. ಚಿತ್ರವನ್ನು ಸಾಧ್ಯವಾದಷ್ಟೂ ನಿಜ ಅಳತೆಯಲ್ಲೇ ಬರೆಯುವುದು ರೂಢಿ. ಡಿವೈಡರ್‌ನಿಂದ ಎಲೆಯ ಉದ್ದ, ಅತಿ ಅಗಲದ ಜಾಗ, ತೊಟ್ಟಿನ ಉದ್ದ ಅಳೆದು ಹಾಳೆಯ ಮೇಲೆ ಚುಕ್ಕೆ ಇಟ್ಟ ಮೇಲೆಯೇ ಗೆರೆ. ಕಣ್ಣಳತೆಯನ್ನೇ ನಂಬಿದವರ ಎಲೆ ಯಾವಾಗಲೂ ಒಂದಿಷ್ಟು ದಪ್ಪಗಾಗಿರುತ್ತದೆ.

ಬಿಲ್ವಪತ್ರೆ ಈ ಹಂತಕ್ಕೆ ಹೇಳಿ ಮಾಡಿಸಿದ ಪಾಠ. ಪೂಜೆಗೆ ಕೀಳುವವರೆಲ್ಲ ಅದನ್ನು ಮೂರೆಲೆ ಎನ್ನುತ್ತಾರೆ. ಸಸ್ಯವಿಜ್ಞಾನದ ಲೆಕ್ಕದಲ್ಲಿ ಅದು ಒಂದೇ ಎಲೆ, ಮೂರು ಕಿರುಎಲೆಗಳಾಗಿ ಒಡೆದದ್ದು. ಸಾಕ್ಷಿ ತೊಟ್ಟಿನ ಬುಡದಲ್ಲಿದೆ. ಎಲೆ ಮತ್ತು ರೆಂಬೆ ಸೇರುವ ಕಂಕುಳಲ್ಲಿ ಮೊಗ್ಗು ಇರುತ್ತದೆ, ಬಿಲ್ವದಲ್ಲಿ ಅಲ್ಲೇ ಮುಳ್ಳೂ ಇರುತ್ತದೆ. ಮೂರು ಕಿರುಎಲೆಗಳು ಕೂಡುವಲ್ಲಿ ಎರಡೂ ಇಲ್ಲ. ನಡುವಿನ ಕಿರುಎಲೆಗೆ ಉದ್ದನೆಯ ತೊಟ್ಟು, ಪಕ್ಕದ ಎರಡಕ್ಕೆ ಇದ್ದೂ ಇಲ್ಲದಂತೆ. ಇಷ್ಟನ್ನು ಗಮನಿಸಿ ಬರೆದ ಚಿತ್ರ ಬಿಲ್ವವಾಗುತ್ತದೆ. ನುಗ್ಗೆಸೊಪ್ಪು ಇದಕ್ಕಿಂತ ಕಠಿಣ. ಅಡುಗೆಮನೆಯಲ್ಲಿ ಬಿಡಿಸುತ್ತಾ ಕೂರುವ ಆ ಇಡೀ ಕಡ್ಡಿ ಒಂದೇ ಎಲೆ ಎಂದು ಗೊತ್ತಾದಾಗ ವರ್ಷಗಟ್ಟಲೆ ಸೊಪ್ಪು ಬಿಡಿಸಿದವರೂ ಒಂದು ಕ್ಷಣ ಸುಮ್ಮನಾಗುತ್ತಾರೆ.

ಆಮೇಲೆ ಬಾಗಿದ ಎಲೆ. ಮುಂದಕ್ಕೆ ಚಾಚಿಕೊಂಡ ಎಲೆ ನಿಜವಾಗಿ ಗೇಣುದ್ದವಿದ್ದರೂ ಕಣ್ಣಿಗೆ ಎರಡು ಬೆರಳಿನಷ್ಟೇ ಕಾಣುತ್ತದೆ, ಮನಸ್ಸು ಗೇಣುದ್ದವನ್ನೇ ಬರೆ ಎಂದು ಹಟ ಹಿಡಿಯುತ್ತದೆ. ಇದಕ್ಕೆ ಉಪಾಯ ನಡುನರವನ್ನು ಮೊದಲು ಎಳೆಯುವುದು. ಮಡಿಕೆಯ ಹಿಂದೆ ಮರೆಯಾದ ಭಾಗದಲ್ಲೂ ಅದನ್ನು ತೆಳುವಾಗಿ ಮುಂದುವರಿಸಿ, ಆಚೆ ಕಡೆ ಅದು ಎಲ್ಲಿ ಹೊರಬರುತ್ತದೋ ಅಲ್ಲಿಂದ ಅಂಚನ್ನು ಹಿಡಿಯಬೇಕು. ನಡುನರ ತುಂಡಾದ ಎಲೆ ಮುರಿದ ಎಲೆಯಂತೆಯೇ ಕಾಣುತ್ತದೆ. ಕರಡು ತೃಪ್ತಿಯಾದ ಮೇಲೆ ಟ್ರೇಸಿಂಗ್ ಕಾಗದದ ಮೂಲಕ ಒಳ್ಳೆಯ ಹಾಳೆಗೆ ವರ್ಗಾಯಿಸುತ್ತಾರೆ. ಆ ಹಾಳೆ ಹಾಟ್ ಪ್ರೆಸ್ ಆಗಿರಬೇಕು, ಎಂದರೆ ನಯವಾದದ್ದು, ಸಾಮಾನ್ಯವಾಗಿ 300 ಜಿಎಸ್‌ಎಂ ದಪ್ಪದ್ದು. ದೊರಗು ಕಾಗದದಲ್ಲಿ ಸಣ್ಣ ಅಂಚುಗಳು ನಿಲ್ಲುವುದಿಲ್ಲ. ಹಾಳೆ ದುಬಾರಿ ಎಂದು ಕೈ ನಡುಗುವವರು ಅದನ್ನೇ ತುಂಡು ಮಾಡಿ ಅಭ್ಯಾಸಕ್ಕೆ ಬಳಸುವುದು ವಾಸಿ. ಅಗ್ಗದ ಕಾಗದದಲ್ಲಿ ಕಲಿತ ಕೈ ಒಳ್ಳೆಯ ಕಾಗದದಲ್ಲಿ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ.

ಬಣ್ಣದ ಪಾಠದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಹಸಿರು. ಅಂಗಡಿಯ ಹಸಿರು ಟ್ಯೂಬನ್ನು ನೇರವಾಗಿ ಬಳಿದರೆ ಎಲೆ ಪ್ಲಾಸ್ಟಿಕ್‌ನಂತಾಗುತ್ತದೆ. ಹೂಕರ್ಸ್ ಗ್ರೀನ್ ಎಂಬ ಪ್ರಸಿದ್ಧ ಬಣ್ಣಕ್ಕೂ ಮಿಶ್ರಣವೇ ಮೂಲ. ಹಣ್ಣುಗಳ ಚಿತ್ರ ಬರೆಯುತ್ತಿದ್ದ ವಿಲಿಯಂ ಹೂಕರ್ ಎಂಬ ಚಿತ್ರಕಾರನ ಹೆಸರು ಅದಕ್ಕಿದೆ. ಕ್ಲೆಗ್‌ಹಾರ್ನ್‌ಗೆ ಸಲಹೆ ಕೊಟ್ಟ ಹೂಕರ್ ಬೇರೆ. ಎರಡು ಮೂರು ಬಗೆಯ ನೀಲಿ, ಎರಡು ಮೂರು ಬಗೆಯ ಹಳದಿ ತೆಗೆದುಕೊಂಡು ಮನೆಗಳ ಕೋಷ್ಟಕ ಹಾಕಿ ಬೆರೆಸುತ್ತಾ ಹೋದರೆ ಚಿಗುರಿನಿಂದ ಹಣ್ಣೆಲೆಯವರೆಗಿನ ಹಸಿರುಗಳು ಸಿಗುತ್ತವೆ. ಒಂದು ಚಿಟಿಕೆ ಕೆಂಪು ಸೇರಿಸಿದರೆ ಹಸಿರಿನ ಅಬ್ಬರ ತಗ್ಗುತ್ತದೆ. ಫರ್ಡಿನಾಂಡ್ ಬಾವರ್ ಎಂಬ ಮಹಾ ಸಸ್ಯಚಿತ್ರಕಾರ ಪ್ರಯಾಣದಲ್ಲಿ ಬಣ್ಣವನ್ನೇ ಬಳಿಯುತ್ತಿರಲಿಲ್ಲ. ಪೆನ್ಸಿಲ್ ಕರಡಿನ ಮೇಲೆ ಪ್ರತಿ ಛಾಯೆಗೂ ಒಂದು ಸಂಖ್ಯೆ ಬರೆದುಕೊಂಡು, ಊರಿಗೆ ಮರಳಿದ ಮೇಲೆ ಆ ಸಂಖ್ಯೆಗಳ ಪ್ರಕಾರ ಬಣ್ಣ ತುಂಬುತ್ತಿದ್ದ. ತರಗತಿಯ ಕೋಷ್ಟಕ ಆ ಸಂಖ್ಯೆಗಳ ಬಡ ವಂಶಸ್ಥ.

ಬಳಿಯುವ ಕ್ರಮವೂ ಹೇಳಬೇಕಾದ್ದೇ. ಮೊದಲು ನೀರು ಹೆಚ್ಚಿದ ತೆಳು ಲೇಪ, ಅದು ಪೂರ್ತಿ ಒಣಗಿದ ಮೇಲೆ ಇನ್ನೊಂದು, ಹೀಗೆ ಪದರದ ಮೇಲೆ ಪದರ. ಕೊನೆಗೆ ಬಹುತೇಕ ಒಣಗಿದ ಕುಂಚದ ಮೊನೆಯಿಂದ ಸಣ್ಣ ಸಣ್ಣ ಗೆರೆಗಳು. ಬೆಳಕು ಎಡಮೇಲಿನಿಂದ ಬೀಳುತ್ತದೆ ಎಂಬುದು ಈ ಕಲೆಯ ಒಪ್ಪಂದ. ಹೊಳಪಿನ ಜಾಗದಲ್ಲಿ ಬಿಳಿ ಬಣ್ಣ ಹಚ್ಚುವುದಿಲ್ಲ, ಕಾಗದವನ್ನೇ ಬಿಡುತ್ತಾರೆ. ನರಗಳ ವಿಷಯದಲ್ಲೂ ಹೀಗೇ. ಅನೇಕ ಎಲೆಗಳ ಮೇಲ್ಮೈಯಲ್ಲಿ ನರಗಳು ತಿಳಿಯಾದ ತಗ್ಗುಗಳು, ಆದ್ದರಿಂದ ಅವುಗಳ ನಡುವಿನ ಉಬ್ಬುಗಳಿಗೆ ಬಣ್ಣ ತುಂಬಿ ನರವನ್ನು ಉಳಿಸಿಕೊಳ್ಳಬೇಕು. ಕಲಿಯುವವರು ಆತುರಪಟ್ಟು ನರವನ್ನು ಕಡು ಗೆರೆಯಾಗಿ ಎಳೆದು ಎಲೆಯನ್ನು ರಸ್ತೆಗಳ ನಕ್ಷೆ ಮಾಡಿಬಿಡುತ್ತಾರೆ.

ಹೂವಿನ ಸರದಿ ಬಂದಾಗ ಗಡಿಯಾರವೂ ಬರುತ್ತದೆ. ಕೆಂಪು ದಾಸವಾಳ ಬೆಳಿಗ್ಗೆ ಅರಳಿದ್ದು ಸಾಮಾನ್ಯವಾಗಿ ಮರುದಿನಕ್ಕೆ ಮುದುಡಿರುತ್ತದೆ. ಹಾಗಾಗಿ ಹೂವೇ ಮೊದಲು. ಎಲೆ ಕಾಯುತ್ತದೆ, ಬೇಕಾದರೆ ನಾಳೆ ಇನ್ನೊಂದು ರೆಂಬೆ ತರಬಹುದು. ಒಂಟಿಸುತ್ತಿನ ದಾಸವಾಳದಲ್ಲಿ ಐದು ದಳ, ಪ್ರತಿಯೊಂದರ ಒಂದು ಅಂಚು ಪಕ್ಕದ ದಳದ ಮೇಲೆ, ಇನ್ನೊಂದು ಅಂಚು ಮತ್ತೊಂದರ ಕೆಳಗೆ. ಸುತ್ತು ಎಡಕ್ಕೋ ಬಲಕ್ಕೋ ಎಂದು ಮೊದಲೇ ನೋಡಿಕೊಳ್ಳದವರಿಗೆ ಐದನೆಯ ದಳಕ್ಕೆ ಬರುವ ಹೊತ್ತಿಗೆ ಜಾಗವೇ ಉಳಿಯುವುದಿಲ್ಲ. ಕೇಸರಗಳು ಬಿಡಿಬಿಡಿಯಾಗಿಲ್ಲ, ಅವುಗಳ ದಂಡಗಳು ಕೂಡಿ ಒಂದು ಕೊಳವೆಯಾಗಿವೆ. ಆ ಕೊಳವೆಯೊಳಗಿಂದ ಶಲಾಕೆ ಹಾದುಬಂದು ತುದಿಯಲ್ಲಿ ಐದು ಕವಲಾಗುತ್ತದೆ, ಪ್ರತಿ ಕವಲಿಗೂ ಮಖಮಲ್ಲಿನಂಥ ಪುಟ್ಟ ಗುಂಡು. ಹೂವನ್ನು ತಿರುಗಿಸಿದರೆ ಪುಷ್ಪಪಾತ್ರೆಯ ಕೆಳಗೆ ಸಣ್ಣ ಹಸಿರು ಎಸಳುಗಳ ಇನ್ನೊಂದು ಸುತ್ತು ಕಾಣುತ್ತದೆ. ದೇವರ ತಲೆಯ ಮೇಲೆ ಮುಂಭಾಗ ಮಾಡಿ ಇಡುವ ಹೂವಾದ್ದರಿಂದ ಇದನ್ನು ಗಮನಿಸಿದವರು ಕಡಿಮೆ. ಆ ಸುತ್ತನ್ನು ಬಿಟ್ಟು ಬರೆದರೆ ದಾಸವಾಳದ ಮನೆತನದ ಗುರುತೊಂದು ಬಿಟ್ಟುಹೋಗುತ್ತದೆ. ಕೆಂಪಿನ ನೆರಳಿಗೆ ಕಪ್ಪು ಬೆರೆಸಿದರೆ ದಳ ಕೊಳೆಯಾಗುತ್ತದೆ, ಕಡು ನೇರಳೆಗೆಂಪು ಬೇಕು. ಈ ಬಗೆಯ ಕೆಲವು ಬಣ್ಣಗಳು, ಅಲಿಜರಿನ್ ಕ್ರಿಮ್ಸನ್‌ನಂಥವು, ಬಿಸಿಲಿಗೆ ಮಾಸುತ್ತವೆ. ಟ್ಯೂಬಿನ ಮೇಲೆ ಬಣ್ಣ ಎಷ್ಟು ಬಾಳಿಕೆಯದು ಎಂಬ ಗುರುತು ಓದಿ ಕೊಳ್ಳುವುದು ಒಳ್ಳೆಯದು.

ಮುಂದಿನ ಮೆಟ್ಟಿಲು ಸೀಳುಚಿತ್ರ. ಬ್ಲೇಡಿನಿಂದ ಹೂವನ್ನು ಉದ್ದಕ್ಕೆ ಸೀಳಿ, ಅಂಡಾಶಯವನ್ನು ಅಡ್ಡಕ್ಕೆ ಕೊಯ್ದು ಮಸೂರದಡಿ ನೋಡಿ ಬರೆಯುತ್ತಾರೆ. ದಾಸವಾಳದ ಅಂಡಾಶಯದಲ್ಲಿ ಐದು ಕೋಣೆಗಳು. ಇಲ್ಲಿ ಬಣ್ಣವಿಲ್ಲ, ಉಬ್ಬುತಗ್ಗುಗಳನ್ನು ಶಾಯಿಯ ಚುಕ್ಕೆಗಳೇ ಹೇಳಬೇಕು, ನೆರಳಿದ್ದಲ್ಲಿ ದಟ್ಟ, ಬೆಳಕಿದ್ದಲ್ಲಿ ವಿರಳ. ಹಿಗ್ಗಿಸಿ ಬರೆದ ಭಾಗದ ಪಕ್ಕದಲ್ಲಿ ‘ಐದು ಪಟ್ಟು’ ಎಂದು ಬರೆಯುವುದಕ್ಕಿಂತ ಅಳತೆಯ ಒಂದು ಗೆರೆ ಹಾಕುವುದು ಕ್ಷೇಮ. ಅಚ್ಚಿನಲ್ಲಿ ಚಿತ್ರ ಕುಗ್ಗಿದರೆ ಗೆರೆಯೂ ಜೊತೆಯಲ್ಲೇ ಕುಗ್ಗುತ್ತದೆ, ಅಂಕಿ ಮಾತ್ರ ಸುಳ್ಳಾಗುತ್ತದೆ.

ಕಲಿಯುವ ದಾರಿಗಳು ಹಲವು. ಎಡಿನ್‌ಬರೋದ ತೋಟದಂಥ ಸಂಸ್ಥೆಗಳು ಸಾಲು ಕೋರ್ಸುಗಳನ್ನು ನಡೆಸುತ್ತವೆ. ಬ್ರಿಟನ್ನಿನ ಸೊಸೈಟಿ ಆಫ್ ಬೊಟಾನಿಕಲ್ ಆರ್ಟಿಸ್ಟ್ಸ್ ದೂರಶಿಕ್ಷಣದ ಡಿಪ್ಲೊಮಾ ನಡೆಸಿದೆ. ಬೆಂಗಳೂರಿನಂಥ ಊರುಗಳಲ್ಲಿ ವಾರಾಂತ್ಯದ ಕಾರ್ಯಾಗಾರಗಳು ನಡೆಯುತ್ತವೆ. ಪಶ್ಚಿಮ ಘಟ್ಟದ ಮರಗಿಡಗಳನ್ನು ಪುಸ್ತಕಗಳಿಗಾಗಿ ಬರೆದ ಬೆಂಗಳೂರಿನ ನಿರುಪಾ ರಾವ್ ಅವರಂಥವರಿಂದ ಇದು ಇಂದಿಗೂ ನಡೆಯುವ ವೃತ್ತಿ ಎಂಬುದು ಜನಕ್ಕೆ ಗೊತ್ತಾಗಿದೆ. ಎರಡು ದಿನದ ಕಾರ್ಯಾಗಾರದಲ್ಲಿ ಒಂದು ಎಲೆ ಮುಗಿದರೆ ಅದು ಸಾಕಷ್ಟಾಯಿತು. ಒಂದೇ ದಿನದಲ್ಲಿ ಹೂಗುಚ್ಛ ಬರೆಸುತ್ತೇವೆ ಎನ್ನುವ ಕಡೆ ಕಲಿಸುವುದು ಬೇರೇನನ್ನೋ.

ಮುಗಿದ ಹಾಳೆಯನ್ನು ಸಸ್ಯಶಾಸ್ತ್ರ ಬಲ್ಲವರೊಬ್ಬರಿಗೆ ತೋರಿಸುವುದು ಕೊನೆಯ ಹಂತ. ಚೆನ್ನಾಗಿದೆ ಎನ್ನುವ ಮೊದಲು ಅವರು ಎಣಿಸುತ್ತಾರೆ. ತಿದ್ದುಪಡಿ ಆದ ಮೇಲೆ ಕೆಳಗೆ ಸಸ್ಯದ ವೈಜ್ಞಾನಿಕ ಹೆಸರು, ಊರಿನ ಬಳಕೆಯ ಹೆಸರು, ಮಾದರಿ ಸಿಕ್ಕ ಜಾಗ, ದಿನಾಂಕ, ಚಿತ್ರಕಾರರ ಸಹಿ. ಅದೇ ಗಿಡದ ಒಂದು ರೆಂಬೆಯನ್ನು ಒತ್ತಿ ಒಣಗಿಸಿ ಇಟ್ಟಿದ್ದರೆ ಅದರ ಸಂಖ್ಯೆಯನ್ನೂ ಬರೆಯುತ್ತಾರೆ. ಮುಂದೆ ಯಾರಿಗಾದರೂ ಅನುಮಾನ ಬಂದರೆ ಚಿತ್ರವನ್ನೂ ಗಿಡವನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡಬಹುದು.