ಮುಚ್ಚಲೊಲ್ಲದ ಮುಚ್ಚಳ

ಶಾಲೆಯ ವಾಚನಾಲಯಕ್ಕಾಗಿ ಪುಟ್ಟ ಕಂಪ್ಯೂಟರೊಂದನ್ನು ನಾವೇ ಜೋಡಿಸಬೇಕೆಂದು ಕೈಖರ್ಚಿನ ಹಣವನ್ನು ಕೂಡಿಹಾಕಿದೆವು. ಪೆಟ್ಟಿಗೆಯ ಎತ್ತರ 80 ಮಿ.ಮೀ.; ಆದುದರಿಂದ 70 ಮಿ.ಮೀ. ಎತ್ತರದ ಕೂಲರು ಸಲೀಸಾಗಿ ಹಿಡಿಸುವುದೆಂದು ಬಗೆದೆವು. ಆದರೆ ಮುಚ್ಚಳ ಮುಚ್ಚಲಿಲ್ಲ! ಪೆಟ್ಟಿಗೆಯ ಕಾಲುಗಳು, ತಗಡು, ಮದರ್‌ಬೋರ್ಡು, ಪ್ರೊಸೆಸರು ಇವುಗಳ ದಪ್ಪವನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪ್ರೊಸೆಸರಿನ ನೆತ್ತಿಯಿಂದ ಮುಚ್ಚಳದವರೆಗೆ ಉಳಿದಿದ್ದುದು 57 ಮಿ.ಮೀ. ಮಾತ್ರ. ಅಂಗಡಿಯವರು ಕೂಲರನ್ನು ಹಿಂದಕ್ಕೆ ತೆಗೆದುಕೊಳ್ಳಲೊಪ್ಪಲಿಲ್ಲ.

ಮತ್ತೆರಡು ತಿಂಗಳು ಕಾಸಿಗೆ ಕಾಸು ಕೂಡಿಸಿ, 37 ಮಿ.ಮೀ. ಎತ್ತರದ ನಾಕ್ಚುವಾ ಎನ್‌ಎಚ್-ಎಲ್9ಐ ತಂದೆವು. ನಮ್ಮ 65 ವಾಟಿನ ಪ್ರೊಸೆಸರಿಗೆ ಅದು ಸಾಕಾಯಿತು. ಮೇಲೆ ಗಾಳಿಯಾಡಲು ತೆರಪೂ ಉಳಿಯಿತು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ನಮಗೆ ಬಾಯಿಪಾಠವಾಗಿತ್ತು. ಮೊದಲು ಹಾಸಿಗೆಯನ್ನು ಅಳೆಯಬೇಕೆಂಬುದನ್ನು ಈ ಪೆಟ್ಟಿಗೆಯೇ ಕಲಿಸಿತು.