ತವರು ಯಾವ ಕಡೆ?

ನಮ್ಮ ವಿಜಯಪುರದಲ್ಲಿ ವಿಳಾಸ ಕೇಳಿದರೆ ಮನೆ ನಂಬರು ಹೇಳುವವರು ಕಡಿಮೆ. "ರೇಷ್ಮೆಗೂಡಿನ ಮಾರ್ಕೆಟ್ಟಿನಿಂದ ಮುಂದೆ ಬನ್ನಿ, ಎಡಕ್ಕೆ ತಿರುಗಿದರೆ ಎರಡನೇ ಮನೆ" ಎನ್ನುತ್ತಾರೆ. ಊರಿನವರಿಗೆ ಅಷ್ಟು ಸಾಕು, ದೂರದವರಿಗೆ ಸಾಲದು. 2014ರ ನವೆಂಬರ್ 1ರಂದು ಬಿಜಾಪುರವೂ ವಿಜಯಪುರವಾದ ಮೇಲಂತೂ ದೇವನಹಳ್ಳಿ ತಾಲ್ಲೂಕು ಎಂದು ಸೇರಿಸದಿದ್ದರೆ ನಮ್ಮೂರು ಯಾವುದೆಂದೇ ತಿಳಿಯದು.

ಕಂಪ್ಯೂಟರಿಗೂ ಇದೇ ಪಾಡಂತೆ. ಸಾಫ್ಟ್‌ವೇರ್ ಕೆಲಸದಲ್ಲಿರುವ ಮಗಳು ಅವರೆಕಾಯಿ ಬಿಡಿಸುತ್ತಾ ಹೇಳಿದಳು. ದೊಡ್ಡ ಪ್ರೋಗ್ರಾಮೆಂದರೆ ಸಾವಿರಾರು ಫೈಲುಗಳು. ಅವನ್ನು ಡೈರೆಕ್ಟರಿ ಎಂಬ ಕೋಣೆಗಳಲ್ಲಿ, ಕೋಣೆಯೊಳಗೆ ಕೋಣೆ ಮಾಡಿ ಇಡುತ್ತಾರೆ. ಎಲ್ಲವನ್ನೂ ಸೇರಿಸಿ ಅಡುಗೆ ಮುಗಿಸುವ ಯಜಮಾನಿ 'ಮೇಕ್'. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1976ರಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಬರೆದದ್ದು. ಹಳತಾದದ್ದನ್ನು ಮಾತ್ರ ಹೊಸದಾಗಿ ಮಾಡುವುದು ಅದರ ಜಾಣತನ. ಮನೆ ದೊಡ್ಡದಾದರೆ ಅದು ಒಳಕೋಣೆಗಳಲ್ಲಿ ಒಂದೊಂದು ಮೇಕನ್ನು ಕೂರಿಸಿ ಕೆಲಸ ಹಂಚುತ್ತದೆ.

ದಾರಿ ಹೇಳುವಾಗ ಎರಡು ಚುಕ್ಕಿ ಇಟ್ಟರೆ 'ನನ್ನ ಕೋಣೆಯ ಹೊರಗಿನ ಕೋಣೆ' ಎಂದರ್ಥ. ಅದಕ್ಕೆ ಪೇರೆಂಟ್ ಎಂದು ಹೆಸರು. ನಾನು ತವರು ಎಂದುಕೊಂಡೆ. ಅತ್ತೆ ಸೊಸೆಗೆ "ತವರಿನಿಂದ ಉಪ್ಪಿನಕಾಯಿ ಭರಣಿ ತಾ" ಎಂದರೆ ಯಾರ ತವರು? ಅತ್ತೆಯ ಮನಸ್ಸಿನಲ್ಲಿರುವುದು ಹೊಸಕೋಟೆ, ಸೊಸೆ ಹೊರಡುವುದು ದೊಡ್ಡಬಳ್ಳಾಪುರಕ್ಕೆ. ಮೇಲಿನ ಮೇಕು ಎರಡು ಚುಕ್ಕಿಯ ದಾರಿಯನ್ನು ಹಾಗೆಯೇ ಕೆಳಕ್ಕೆ ದಾಟಿಸಿದರೆ ಒಳಗಿನದು ತಾನು ನಿಂತಲ್ಲಿಂದ ಲೆಕ್ಕ ಹಾಕುತ್ತದೆ. ಫೈಲು ಸಿಗುವುದಿಲ್ಲ. ಅದೇ ಹೆಸರಿನ ಬೇರೊಂದು ಸಿಕ್ಕರೆ ಇನ್ನೂ ಕಷ್ಟ, ತಪ್ಪಾದದ್ದೇ ಗೊತ್ತಾಗುವುದಿಲ್ಲ.

"ಪೂರ್ತಿ ವಿಳಾಸ ಬರೆದಿಡಬಾರದೇನೆ?" ಎಂದೆ.

"ಬರೀಬಹುದಮ್ಮ. ಆದರೆ ಎಲ್ಲಾನೂ ಬೇರೆ ಕಂಪ್ಯೂಟರಿಗೆ ಸಾಗಿಸಿದ ದಿನ ಅದು ಸುಳ್ಳಾಗುತ್ತೆ."

ಅದಕ್ಕೊಂದು ಉಪಾಯ, ಹೆಬ್ಬಾಗಿಲಿಗೆ ಹೆಸರಿಟ್ಟು ಎಲ್ಲ ಕೋಣೆಯವರೂ ಅಲ್ಲಿಂದಲೇ ದಾರಿ ಹೇಳುವುದು. ಮನೆ ಬದಲಾದಾಗ ಹೆಬ್ಬಾಗಿಲು ಎಲ್ಲಿದೆ ಎಂದು ಒಮ್ಮೆ ತಿಳಿಸಿದರಾಯಿತು.

ಹೆಂಗಸರಾದ ನಮ್ಮ ವಿಳಾಸವೂ ಎರಡು ಚುಕ್ಕಿಯದೇ ಅಲ್ಲವೇ? ಇಂಥವರ ಮಗಳು, ಇಂಥವರ ಸೊಸೆ, ಇಂಥವನ ತಾಯಿ. ಹತ್ತಿರದವರಿಗೆ ಅಷ್ಟು ಸಾಕು, ಅದರಲ್ಲಿ ಅಕ್ಕರೆಯೂ ಇದೆ. ಆದರೆ ಪಕ್ಕದ ಬೀದಿಯ ಒಬ್ಬಾಕೆ ಗಂಡ ಹೋದ ಮೇಲೆ ವಿಧವಾ ವೇತನಕ್ಕೆ ಅರ್ಜಿ ಹಾಕಹೊರಟರೆ ರೇಷನ್ ಕಾರ್ಡಿನಲ್ಲಿ ತವರಿನ ಹೆಸರು, ಆಧಾರ್‌ನಲ್ಲಿ ಅತ್ತೆಮನೆಯ ಹೆಸರು. ಇಬ್ಬರೂ ತಾನೇ ಎಂದು ತೋರಿಸಲು ತಿಂಗಳುಗಟ್ಟಲೆ ಅಲೆದಳು. ದಾರಿ ಹೇಳುತ್ತಿದ್ದವರೇ ಇಲ್ಲವಾದರೆ ಅವರಿಂದ ಎಣಿಸಿದ ದಾರಿ ಎಲ್ಲಿಗೂ ಮುಟ್ಟುವುದಿಲ್ಲ.

ಮಗಳ ಕಾಗದಪತ್ರಗಳಲ್ಲೆಲ್ಲ ಒಂದೇ ಹೆಸರಿದೆ. ಮದುವೆಯಾದರೂ ಅದನ್ನು ಬದಲಿಸುವುದಿಲ್ಲ ಎಂದಿದ್ದಾಳೆ. ಇರಲಿ ಬಿಡಿ. ನೀವೂ ಒಂದು ಮಧ್ಯಾಹ್ನ ಪೆಟ್ಟಿಗೆ ತೆಗೆದು ನಿಮ್ಮ ಕಾಗದಗಳನ್ನು ನೋಡಿಕೊಳ್ಳಿ.