ಊರೇ ಶಾಲೆಯಾಗುವ ಬಗೆ

ಶಾಲೆ ಎಂದೊಡನೆ ನೆನಪಾಗುವುದು ನಾಲ್ಕು ಗೋಡೆ, ಒಂದೇ ವಯಸ್ಸಿನ ಮಕ್ಕಳು, ಎದುರಿಗೆ ಮೇಷ್ಟ್ರು, ಗಂಟೆ ಹೊಡೆದಾಗ ಬದಲಾಗುವ ಪಾಠ. ಈ ಏರ್ಪಾಡು ಕಲಿಕೆಯ ಸ್ವಭಾವದಿಂದ ಹುಟ್ಟಿದ್ದಲ್ಲ. ಕೆಲವೇ ಶಿಕ್ಷಕರಿಂದ ಬಹಳ ಮಕ್ಕಳಿಗೆ ಪಾಠ ಹೇಳಿಸುವ ಅನುಕೂಲಕ್ಕಾಗಿ ಬೆಳೆದದ್ದು. ಅನುಕೂಲಕ್ಕೆ ಮಾಡಿಕೊಂಡದ್ದನ್ನು ಅಗತ್ಯ ಬಿದ್ದಾಗ ಬದಲಿಸಲೂಬಹುದು. ಹಾಗೆ ಬದಲಿಸಿ ನೋಡಿದ ಅನುಭವ ಕರ್ನಾಟಕಕ್ಕಿದೆ. ಅದನ್ನು ಮುಂದುವರಿಸಲು ಬೇಕಾದ ಸಾಮಗ್ರಿ ಮಂಡ್ಯ ಜಿಲ್ಲೆಯ ಶಿವನಸಮುದ್ರದಂಥ ಊರಿನಲ್ಲಿ ಕಣ್ಣೆದುರಿಗೇ ಇದೆ.

ಮೊದಲ ಬದಲಾವಣೆ ಕೊಠಡಿಯ ಒಳಗೇ ಆಯಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿಬಂದು ‘ನಲಿ-ಕಲಿ’ಯನ್ನು ರೂಪಿಸಿದರು. ಬೇರೆ ಬೇರೆ ತರಗತಿಯ ಚಿಕ್ಕ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಪಾಠ ಕಾರ್ಡುಗಳಲ್ಲಿದೆ, ಕಾರ್ಡುಗಳ ಕ್ರಮ ಕಲಿಕಾ ಏಣಿಯಲ್ಲಿದೆ. ಒಂದು ಗುಂಪಿನ ಜೊತೆ ಶಿಕ್ಷಕರಿದ್ದರೆ ಇನ್ನೊಂದರಲ್ಲಿ ಮಕ್ಕಳೇ ಪರಸ್ಪರ ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ತಾವೇ ಕಲಿಯುತ್ತಾರೆ. ಸುಗ್ಗಿಗೋ ಜಾತ್ರೆಗೋ ಹೋಗಿ ನಾಲ್ಕು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತುತ್ತದೆ. ಹಿಂದುಳಿದ ಮಗು ಎಂಬ ಹಣೆಪಟ್ಟಿಗೆ ಇಲ್ಲಿ ಜಾಗವಿಲ್ಲ. ಈ ಕ್ರಮದ ದೊಡ್ಡ ಗಳಿಕೆ ಇದೇ.

ಎರಡನೆಯ ಬದಲಾವಣೆ ಅನಿವಾರ್ಯವಾಗಿ ಬಂತು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋದರು. ಗುಡಿಯ ಜಗಲಿ, ಅರಳಿಕಟ್ಟೆ, ಸಮುದಾಯ ಭವನ ಪಾಠದ ಜಾಗಗಳಾದವು. ಕಲಿಕೆಗೆ ಕಟ್ಟಡವೇ ಬೇಕೆಂದಿಲ್ಲ ಎಂಬುದು ಆಗ ಗೊತ್ತಾಯಿತು. ಅದರೊಂದಿಗೇ ಶಾಲೆಯ ಬೆಲೆಯೂ ತಿಳಿಯಿತು: ಬಿಸಿಯೂಟ, ಶೌಚಾಲಯ, ಎಲ್ಲ ಕೇರಿಯ ಮಕ್ಕಳೂ ಒಟ್ಟಿಗೆ ಕೂರುವ ಅವಕಾಶ, ಹೆಣ್ಣುಮಕ್ಕಳಿಗೆ ಮನೆಗೆಲಸದಿಂದ ಬಿಡುವು, ಇವೆಲ್ಲ ಶಾಲೆಯಿಂದಲೇ ಸಿಗುವಂಥವು. ಹಾಗಾಗಿ ಗೋಡೆ ದಾಟುವುದೆಂದರೆ ಶಾಲೆಯನ್ನು ಬಿಡುವುದಲ್ಲ, ಅದನ್ನು ಹಿಗ್ಗಿಸುವುದು.

ವಯಸ್ಕರ ಕಲಿಕೆಗೂ ಇಲ್ಲಿ ಹಳೆಯ ಬೇರುಗಳಿವೆ. 1940ರ ಸುಮಾರಿಗೆ ಮೈಸೂರು ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಸಾಕ್ಷರತೆಯ ಕೆಲಸಕ್ಕೆ ಇಳಿದರು; ಅದು ಬೆಳೆದು ರಾಜ್ಯದ ವಯಸ್ಕರ ಶಿಕ್ಷಣ ಸಮಿತಿಯಾಯಿತು. 1947ರಲ್ಲಿ ನಂಜನಗೂಡಿನಲ್ಲಿ ಮೊದಲ ವಿದ್ಯಾಪೀಠ ತೆರೆಯಿತು. ಮುಂದೆ ಮಂಡ್ಯ ಜಿಲ್ಲೆಯ ಶಿವಾರಗುಡ್ಡದಲ್ಲೂ ಒಂದು ಬಂತು. ಹಳ್ಳಿಯ ಯುವಕರು ಅಲ್ಲೇ ಉಳಿದು ಬೇಸಾಯ, ಕೈಕಸುಬು, ಸಹಕಾರ ಕಲಿತು ಊರಿಗೆ ಮರಳಬೇಕೆಂಬುದು ಉದ್ದೇಶ. 1844ರಲ್ಲಿ ಡೆನ್ಮಾರ್ಕಿನಲ್ಲಿ ರೈತರ ಮಕ್ಕಳಿಗಾಗಿ ಶುರುವಾದ, ಪರೀಕ್ಷೆಯ ಹಂಗಿಲ್ಲದ ಜನತಾ ಪ್ರೌಢಶಾಲೆಗಳು ಇದಕ್ಕೆ ಮಾದರಿ. 2011ರ ಜನಗಣತಿಯಲ್ಲಿ ಮಂಡ್ಯ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 70. ಶಾಲೆಗೆ ಹೋಗುವ ಎಷ್ಟೋ ಮಕ್ಕಳ ತಂದೆತಾಯಿಗೆ, ಅಜ್ಜಅಜ್ಜಿಗೆ ಅಕ್ಷರದ ಬಾಗಿಲು ಇನ್ನೂ ತೆರೆದಿಲ್ಲ ಎಂದೇ ಇದರ ಅರ್ಥ.

ಮಕ್ಕಳ ಕಲಿಕೆ, ವಯಸ್ಕರ ಕಲಿಕೆ, ಈ ಎರಡು ಧಾರೆಗಳೂ ಕೂಡಬಹುದಾದ ಜಾಗ ಶಿವನಸಮುದ್ರ. ಇಲ್ಲಿ ಕಾವೇರಿ ಕವಲೊಡೆದು ನಡುಗಡ್ಡೆಯನ್ನು ಬಳಸಿ, ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕುತ್ತಾಳೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿಸಿದ ವಿದ್ಯುದಾಗಾರ 1902ರ ಜೂನ್‌ನಲ್ಲಿ ಕೆಲಸ ಆರಂಭಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಕರೆಂಟು ಕಳಿಸಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಇಲ್ಲಿಂದಲೇ ವಿದ್ಯುತ್ತು ಹೋಯಿತು. ನೀರಿನ ರಭಸ ಚಕ್ರ ತಿರುಗಿಸಿ ವಿದ್ಯುತ್ತಾಗುವ ಪಾಠವನ್ನು ಬೇರೆಡೆಯ ಮಕ್ಕಳು ಚಿತ್ರದಲ್ಲಿ ನೋಡಬೇಕು; ಇಲ್ಲಿನ ಮಕ್ಕಳು ಅದರ ಕೊಳವೆಗಳನ್ನು ಗುಡ್ಡದ ಇಳಿಜಾರಿನಲ್ಲೇ ಕಾಣುತ್ತಾರೆ. ಭೂಗೋಳ, ವಿಜ್ಞಾನ, ಗಣಿತ, ಚರಿತ್ರೆ ಬೇರೆ ಬೇರೆ ಪುಸ್ತಕಗಳಲ್ಲಿದ್ದರೂ ಇಲ್ಲಿ ಅವು ಒಂದೇ ನದಿಯ ಪಾಠಗಳು.

ಈ ಪಾಠ ಹೇಳಬಲ್ಲವರೂ ಊರಿನಲ್ಲೇ ಇದ್ದಾರೆ. ಕನ್ನಂಬಾಡಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆ ಹೇಗೆ ಬದಲಾಗುತ್ತದೆ, ಎಲ್ಲಿ ಸುಳಿ, ಎಲ್ಲಿ ಜಾರುಬಂಡೆ ಎಂಬುದು ಮೀನು ಹಿಡಿಯುವವರಿಗೆ, ಹರಿಗೋಲು ನಡೆಸುವವರಿಗೆ ಗೊತ್ತು. ನಾಲೆಯ ನೀರಿನ ಸರದಿಯ ಲೆಕ್ಕ ಗದ್ದೆಯವರಿಗೆ, ಹಿಪ್ಪುನೇರಳೆಯ ಆರೈಕೆ ರೇಷ್ಮೆ ಸಾಕುವವರಿಗೆ ಗೊತ್ತು. ಪ್ರಾಣಾಪಾಯದ ಹೊಳೆದಂಡೆಯಲ್ಲಿ ಇಂಥ ತಿಳಿವಳಿಕೆ ಅಲಂಕಾರದ ವಿಷಯವಲ್ಲ, ಜೀವ ಉಳಿಸುವ ವಿದ್ಯೆ. ಹಿರಿಯರು ಹೇಳಿದ್ದನ್ನು ಮಕ್ಕಳು ಬರೆದುಕೊಂಡು ಅವರಿಗೇ ಓದಿಹೇಳಿದರೆ, ಅಕ್ಷರ ಬಾರದ ಹಿರಿಯರಿಗೆ ತಮ್ಮದೇ ಮಾತು ಮೊದಲ ಪಠ್ಯವಾಗುತ್ತದೆ.

ಇದಕ್ಕೆ ಬೇಕಾದ ಏರ್ಪಾಡು ದೊಡ್ಡದಲ್ಲ. ವಾರದ ಪಾಠಪಟ್ಟಿಯಲ್ಲಿ ಒಂದು ಹೊತ್ತು ಊರಿಗೆ ಮೀಸಲಾಗಬೇಕು. ಹೊಳೆಯ ಹತ್ತಿರ ಹೋಗುವಾಗ ದೊಡ್ಡವರು ಜೊತೆಗಿರಬೇಕು. ಸಂಜೆ ಶಾಲೆಯ ಕೊಠಡಿ, ಪಂಚಾಯಿತಿಯ ಗ್ರಂಥಾಲಯ ವಯಸ್ಕರಿಗೆ ತೆರೆಯಬೇಕು. ಶಾಲಾಭಿವೃದ್ಧಿ ಸಮಿತಿ ಬಣ್ಣ, ಕಾಂಪೌಂಡುಗಳ ಜೊತೆಗೆ ಕಲಿಕೆಯನ್ನೂ ಚರ್ಚಿಸಬೇಕು. ಎಲ್ಲಕ್ಕಿಂತ ಮೊದಲು ಶಿಕ್ಷಕರಿಗೆ ಸಮಯವೂ ಸ್ವಾತಂತ್ರ್ಯವೂ ಸಿಗಬೇಕು. ನಲಿ-ಕಲಿ ಹುಟ್ಟಿದ್ದೇ ಅವು ಸಿಕ್ಕಿದ್ದರಿಂದ. ಹರಿದ ಕಾರ್ಡು ಬದಲಾಗದಿದ್ದರೆ, ತರಬೇತಿ ನಿಂತುಹೋದರೆ ಎಂಥ ಒಳ್ಳೆಯ ಕ್ರಮವೂ ಬರೀ ಶಾಸ್ತ್ರವಾಗುತ್ತದೆ. ಶಾಲೆಯನ್ನು ಹೊಸದಾಗಿ ಯೋಚಿಸುವವರು ಕಟ್ಟಡಕ್ಕೂ ಯಂತ್ರಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಈ ಊರಿನಲ್ಲಿ ಯಾರು ಇನ್ನೂ ಕಲಿಕೆಯ ಹೊರಗಿದ್ದಾರೆ, ಯಾರ ತಿಳಿವಳಿಕೆ ಇನ್ನೂ ಪಾಠವಾಗಿಲ್ಲ?